ಲೊಕ್ಕನಹಳ್ಳಿ ದಾರಿಯ ಹೊರೆಗಲ್ಲು

ಹೋದ ತಿಂಗಳು ಕೊಳ್ಳೇಗಾಲದಿಂದ ಹನೂರಿಗೆ ಹೋಗುವಾಗ ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಕಿತ್ತು ತಂದ ಒಣ ಗಿಡಗಳನ್ನು ಅರ್ಧ ರಸ್ತೆಗೆ ಹರಡಿ, ಬಸ್ಸು ಲಾರಿಗಳ ಚಕ್ರದಲ್ಲೇ ಒಕ್ಕಣೆ ಮುಗಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಬಸ್ಸು ಅದರ ಮೇಲೆ ಹಾಯ್ದಾಗ ಕಾಯಿ ಚಟಚಟ ಒಡೆದು, ಒಣ ಹೊಟ್ಟಿನ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ಬಂದರೆ ನನಗೆ ಇದೇ ರಸ್ತೆಗಳಲ್ಲಿ ಕಬ್ಬಿಣದ ಬೋರ್ಡುಗಳನ್ನು ನೆಡಿಸುತ್ತ ಅಲೆದ ಒಂದು ವರ್ಷ ನೆನಪಾಗುತ್ತದೆ.

ಆಗ ನನಗೆ ಇಪ್ಪತ್ತಾರು. ಚರಿತ್ರೆಯಲ್ಲಿ ಎಂ.ಎ. ಮುಗಿಸಿ ಯಳಂದೂರಿನ ಮನೆಯಲ್ಲಿ ಕೂತಿದ್ದೆ. ರಸ್ತೆ ಬದಿಯ ಹಳೆಯ ಕಲ್ಲು, ಮಂಟಪ, ಶಾಸನಗಳ ಪಕ್ಕದಲ್ಲಿ ಮಾಹಿತಿ ಫಲಕ ಹಾಕುವ ಒಂದು ಯೋಜನೆ ಬಂದಿತ್ತು. ಫಲಕದ ಬರಹ ಸಿದ್ಧ ಮಾಡಲು ಒಂದು ವರ್ಷದ ಗುತ್ತಿಗೆಯ ಮೇಲೆ ನನ್ನನ್ನು ತೆಗೆದುಕೊಂಡರು. ಕೊಳ್ಳೇಗಾಲದಲ್ಲಿ ಎರಡು ಮೇಜು, ಒಂದು ಬೀರು, ಮಳೆ ಬಂದರೆ ಸೋರುವ ಒಂದು ಮೂಲೆ ಇದ್ದ ಆಫೀಸು. ಒಂದು ಫಲಕಕ್ಕೆ ನಲವತ್ತು ಪದ ಮೀರಬಾರದು ಎಂಬುದೊಂದೇ ಕಟ್ಟುನಿಟ್ಟು.

ಬೋರ್ಡು ಬರೆಯುತ್ತಿದ್ದವರು ಸಿದ್ದರಾಜು. ಕೊಳ್ಳೇಗಾಲದ ಅರ್ಧ ಅಂಗಡಿಗಳ ಹೆಸರು ಒಂದು ಕಾಲಕ್ಕೆ ಅವರ ಕೈಬರಹದಲ್ಲೇ ಇತ್ತಂತೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ, ಎತ್ತಿನ ಗಾಡಿಗೂ ಟ್ರಾಕ್ಟರಿಗೂ ಹೂಬಳ್ಳಿ ಬರೆದುಕೊಂಡಿದ್ದರು. ಐವತ್ತು ದಾಟಿದ ಮನುಷ್ಯ. ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಾನು ಬರೆದುಕೊಟ್ಟ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ ಮುಗಿಸಿ, "ಮೇಡಂ, ಇದು ನಂಗೇ ಅರ್ಥ ಆಗ್ನಿಲ್ವಲ್ಲ, ಬಸ್ಸಲ್ಲಿ ಓಗೋನ್ಗೆ ಎಂಗಾದದು?" ಎನ್ನುತ್ತಿದ್ದರು. ನಾನು ಸಿಟ್ಟು ಮಾಡಿಕೊಂಡೇ ಎರಡು ಪದ ಬದಲಾಯಿಸುತ್ತಿದ್ದೆ.

ಮುಂಗಾರು ಶುರುವಾದಾಗ ನಮ್ಮ ಕೆಲಸವೂ ಶುರುವಾಯಿತು. ಒಂದು ಗೂಡ್ಸ್ ಆಟೋದಲ್ಲಿ ಬೋರ್ಡು, ಸಿಮೆಂಟು, ಹಾರೆ, ಬಣ್ಣದ ಡಬ್ಬ ಹೇರಿಕೊಂಡು ಹೊರಡುತ್ತಿದ್ದೆವು. ಧನಗೆರೆಯ ಹೊಲದಂಚಿನಲ್ಲಿ ಹುಲಿಯ ಜೊತೆ ಸೆಣಸುವ ವೀರನ ಕಲ್ಲೊಂದಿತ್ತು. ಅಲ್ಲಿ ಗುಂಡಿ ತೋಡುವಷ್ಟು ಹೊತ್ತೂ ಪಕ್ಕದ ಗದ್ದೆಯ ನಾಟಿ ಹೆಂಗಸರು ನಮ್ಮನ್ನು ಛೇಡಿಸಿದರು. ಕೊಳ್ಳೇಗಾಲವು ಮದರಾಸು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗಿನ ಮೈಲಿಗಲ್ಲೊಂದು ಬೇಲಿಯೊಳಗೆ ಸಿಕ್ಕಿತು. ಅದರ ಮೇಲೆ ಕುರಿ ಕಾಯುವ ಅಜ್ಜನೊಬ್ಬ ಕೂತಿದ್ದ. ಅವನು ಎದ್ದು ಹೋಗಲಿ ಎಂದು ಗಂಟೆಗಟ್ಟಲೆ ಕಾದೆವು. ಆ ದಿನಗಳು ನನಗೆ ತುಂಬ ಇಷ್ಟವಾಗಿದ್ದವು. ಆದರೆ ಯಳಂದೂರಿನಲ್ಲಿ ಹುಟ್ಟಿ, ಬಳೆ ಮಂಟಪದ ಕಲ್ಲಿನ ಬಳೆಗಳನ್ನು ನೋಡುತ್ತ ಬೆಳೆದವಳು ನಾನು. ಕೆತ್ತನೆಯಿಲ್ಲದ ಕಲ್ಲೆಂದರೆ ನನಗೆ ಅಷ್ಟಕ್ಕಷ್ಟೇ.

ಲೊಕ್ಕನಹಳ್ಳಿಗೆ ಹೋದದ್ದು ಶ್ರಾವಣದಲ್ಲಿ. ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ರಸ್ತೆಯ ಎಡಕ್ಕೆ ಎರಡು ಕಂಬದಂಥ ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಚಪ್ಪಡಿ. ನನ್ನ ಭುಜದ ಎತ್ತರ. ಅಕ್ಷರವಿಲ್ಲ, ಚಿತ್ರವಿಲ್ಲ. ಪಟ್ಟಿಯಲ್ಲಿ "ಹಳೆಯ ಕಲ್ಲಿನ ರಚನೆ" ಎಂದಷ್ಟೇ ಇತ್ತು. ಜಿಟಿಜಿಟಿ ಮಳೆ. ಸಂಜೆಯಾದರೆ ಆನೆ ರಸ್ತೆಗೆ ಬರುತ್ತವೆಂದು ಆಟೋದವನಿಗೆ ಅವಸರ. ನಾನು ಛತ್ರಿಯ ಕೆಳಗೆ ನಿಂತು ಹತ್ತು ನಿಮಿಷದಲ್ಲಿ ಬರೆದೆ: ಪಾಳೆಯಗಾರರ ಕಾಲದ ಹೆಬ್ಬಾಗಿಲಿನ ಅವಶೇಷ, ಈ ಮಾರ್ಗದಲ್ಲಿ ಸಾಗುವ ಸರಕಿಗೆ ಇಲ್ಲಿ ಸುಂಕ ವಸೂಲಾಗುತ್ತಿತ್ತು.

ಸಿದ್ದರಾಜು ಓದಿದರು. ಕಲ್ಲನ್ನು ಒಮ್ಮೆ ನೋಡಿದರು.

"ಮೇಡಂ, ಈ ಬಾಕ್ಲಲ್ಲಿ ಪಾಳೇಗಾರ ಬಗ್ಗಂಡ್ ಓಯ್ತಿದ್ನ?"

"ಕೆಳಗಿನ ಭಾಗ ಮಣ್ಣಲ್ಲಿ ಹೂತುಹೋಗಿರುತ್ತೆ ಸಿದ್ದರಾಜು."

"ಊರೊಳಕ್ಕೋಗಿ ಯಾರ್ನಾರ ಒಂದ್ಮಾತು ಕೇಳ್ಬೋದಿತ್ತು."

"ಟೈಮಿಲ್ಲ," ಎಂದೆ. ಅವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು. ಕೊಳ್ಳೇಗಾಲದಲ್ಲಿ ಬೋರ್ಡು ಬರೆದು, ಎರಡು ದಿನ ಬಿಟ್ಟು ಬಂದು ನೆಟ್ಟು ಹೋದೆವು.

ಮೂರು ವಾರ ಕಳೆದಿರಬೇಕು. ಬೆಳಗ್ಗೆ ಆಫೀಸಿನ ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ನೀಲಿ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ. ಮೊದಲ ಬಸ್ಸಿಗೆ ಬಂದಿದ್ದರಂತೆ.

"ಲೊಕ್ಕನಳ್ಳಿ ರಸ್ತೆ ಕಲ್ಗೆ ಬೋಡು ಬರ್ದೋರು ಯಾರವ್ವ?"

"ನಾನೇ. ಏನಾಗಬೇಕಿತ್ತು?"

"ನನ್ ಎಸ್ರು ಚಿಕ್ಕತಾಯಮ್ಮ. ನಂಗ್ ಓದಕ್ ಬರಲ್ಲ. ಸೊಸೆ ಓದಿ ಏಳುದ್ಲು. ನಂಬ್ಕೆ ಬರ್ನಿಲ್ಲ. ಬರ್ದೋರ ಬಾಯಲ್ಲೇ ಕೇಳನ ಅಂತ ಬಂದೆ."

ನಾನು ಫೈಲು ತೆಗೆದು ಓದಿದೆ. ಅವರು ಕೊನೆಯವರೆಗೂ ತಲೆ ತಗ್ಗಿಸಿ ಕೇಳಿದರು.

"ಯಾವ್ ಪಾಳೇಗಾರ್ನವ್ವ? ಅದು ನಮ್ ದೊಡ್ಡವ್ವನ ಕಲ್ಲು."

ಅವರ ದನಿಯಲ್ಲಿ ಜಗಳವಿರಲಿಲ್ಲ. ಅದೇ ನನಗೆ ಹೆಚ್ಚು ಇರುಸುಮುರುಸು ಮಾಡಿತು. ಕುರ್ಚಿ ಎಳೆದುಕೊಟ್ಟೆ. ಅವರು ಅದರ ತುದಿಯಲ್ಲಿ ಕೂತು ಹೇಳಿದ್ದನ್ನು ಇವತ್ತಿಗೂ ನಾನು ಮರೆತಿಲ್ಲ.

ಚಿಕ್ಕತಾಯಮ್ಮನ ಗಂಡನ ತಾತನಿಗೆ ಇಬ್ಬರು ಹೆಂಡಿರು. ಮೊದಲನೆಯವಳು ಹೂಗ್ಯಂನಿಂದ ಬಂದ ಹುಡುಗಿ. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಏಳು ತಿಂಗಳ ಬಸುರಿ, ಹುಣಸೆಹಣ್ಣಿನ ಮೂಟೆ ಹೊತ್ತು ಸಂತೆಗೆ ಹೊರಟಿದ್ದಳು. ಗಂಡ ಕಾಡಂಚಿನಲ್ಲಿ ದನ ಹುಡುಕಲು ಹೋಗಿದ್ದ. ದಾರಿಯಲ್ಲಿ ಒಬ್ಬಳೇ.

"ತಲೆ ಮ್ಯಾಲಿನ ಒರೆ ಇಳುಸ್ಬೇಕು ಅಂದ್ರೆ ಒಬ್ರು ಕೈ ಕೊಡ್ಬೇಕು ಕಣವ್ವ. ಮತ್ತೆ ಎತ್ತುಸ್ಕಬೇಕು ಅಂದ್ರೂ ಒಬ್ರು ಬೇಕು. ದಾರೀಲಿ ಯಾರೂ ಸಿಕ್ನಿಲ್ಲ. ಇಳಿಸ್ಬುಟ್ರೆ ಎತ್ತೋರ್ ಯಾರು ಅಂತ ನಡದೇ ನಡುದ್ಲಂತೆ. ಈಗ ಕಲ್ಲು ಇದ್ಯಲ್ಲ, ಅಲ್ಲಿಗ್ ಬರೋವಾಗ ಮೂಟೆ ಸಮೇತ ಬಿದ್ಲು. ತಾಯೂ ಉಳೀನಿಲ್ಲ, ಮಗೂನೂ ಉಳೀನಿಲ್ಲ."

ಗಂಡ ಆಮೇಲೆ ಅದೇ ಜಾಗದಲ್ಲಿ ಕಲ್ಲು ನಿಲ್ಲಿಸಿದ. ಹೊರೆ ಹೊತ್ತವರು ಅದಕ್ಕೆ ಬೆನ್ನು ಕೊಟ್ಟು ನಿಂತು, ತಲೆಯ ಮೂಟೆಯನ್ನು ಹಾಗೇ ಹಿಂದಕ್ಕೆ ಜಾರಿಸಿದರೆ ಚಪ್ಪಡಿಯ ಮೇಲೆ ಕೂರುತ್ತದೆ. ಹೊರಡುವಾಗ ತಲೆ ಕೊಟ್ಟು ಎಳೆದುಕೊಂಡರೆ ಸಾಕು. ಯಾರ ಕೈಯೂ ಬೇಡ. ಅದಕ್ಕೇ ಅದು ಭುಜದ ಎತ್ತರಕ್ಕಿತ್ತು.

"ಆ ದೊಡ್ಡವ್ವ ಸತ್ಮೇಲೆ ತಾತ ಎರಡ್ನೇ ಮದ್ವೆ ಆಗಿದ್ದು. ನಾವೆಲ್ಲ ಎರಡ್ನೇವ್ಳ ಕುಡಿ. ಮಾರ್ನಮಿ ಅಮಾಸೆ ದಿನ ಕಲ್ಗೆ ದೀಪ ಮಡಗಿ ಬಳೆ ಇಡೋದ ಸುರು ಮಾಡಿದ್ಲೂ ಆ ಎರಡ್ನೇವ್ಳೇ. ಅವ್ಳು ಓಗಿದ್ಕೆ ನಾನ್ ಬಂದೆ, ಅವ್ಳ ಮರೀಬಾರ್ದು ಅಂತ ನಮ್ಮತ್ತೇಗ್ ಏಳಿದ್ಲಂತೆ. ನಮ್ಮತ್ತೆ ನಂಗ್ ಏಳುದ್ರು."

"ಆಕೆಯ ಹೆಸರೇನಮ್ಮ?"

ಚಿಕ್ಕತಾಯಮ್ಮ ಬುಟ್ಟಿಯ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. "ಗೊತ್ತಿಲ್ಲ ಕಣವ್ವ. ದೊಡ್ಡವ್ವ ಅಂತಾನೇ ಅಂತಿದ್ರು. ಲಾಳ ಕಟ್ಟೋರ ಮನೆ ಎಣ್ಣು ಅಂತಿದ್ರು. ಎಸ್ರು ಯಾರೂ ಏಳ್ನಿಲ್ಲ."

ಸಾಯಂಕಾಲ ಸಿದ್ದರಾಜು ಬಂದಾಗ ವಿಷಯ ಹೇಳಿದೆ. ಅವರು ಹಂಗಿಸಬಹುದಿತ್ತು. "ಅಳಿಸೋದೇನ್ ಬುಡಿ ಮೇಡಂ, ಒಂದ್ ಕೈ ಬಣ್ಣ," ಎಂದಷ್ಟೇ ಅಂದರು.

ಅಷ್ಟು ಸುಲಭವಾಗಲಿಲ್ಲ. ನೆಟ್ಟ ಬೋರ್ಡು ತಿದ್ದಲು ನಮ್ಮ ಅಧಿಕಾರಿಯ ಒಪ್ಪಿಗೆ ಬೇಕಿತ್ತು, ಅದನ್ನು ಕೇಳಲು ನಾನು ದಿನ ದೂಡಿದೆ. ಮಾರ್ನಮಿ ಅಮಾವಾಸ್ಯೆ ಕಳೆದು ವಾರಕ್ಕೆ ಆಫೀಸಿಗೊಂದು ಪತ್ರ ಬಂತು. ನನ್ನ ಬೋರ್ಡಿನ ಫೋಟೋ ಮೇಲಿನ ಯಾರಿಗೋ ಮೆಚ್ಚುಗೆಯಾಗಿತ್ತು. ಪಾಳೆಯಗಾರರ ಸುಂಕದ ಬಾಗಿಲು ರಸ್ತೆ ಬದಿಯಲ್ಲಿ ಹಾಳಾಗುವುದು ಬೇಡ, ತಿಂಗಳೊಳಗೆ ಕಿತ್ತು ಹನೂರಿನಲ್ಲಿ ಮಾಡುತ್ತಿರುವ ಉದ್ಯಾನಕ್ಕೆ ಸಾಗಿಸಬೇಕು ಎಂದು ಅದರಲ್ಲಿತ್ತು. ಹತ್ತು ನಿಮಿಷದಲ್ಲಿ ಬರೆದ ಸುಳ್ಳು ಈಗ ಆ ಕಲ್ಲನ್ನೇ ಕೀಳಲು ಹೊರಟಿತ್ತು.

ನಮ್ಮ ಅಧಿಕಾರಿಯ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಕೆಟ್ಟ ಮನುಷ್ಯನಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಬರೆದಿದ್ದು ನೀವೇ. ಈಗ ಅಲ್ಲ ಅಂತೀರಿ. ಆಧಾರ ಏನಮ್ಮ? ಒಬ್ಬ ಅಜ್ಜಿ ಹೇಳಿದ್ಲು ಅಂತ ನಾನು ಮೇಲಕ್ಕೆ ಬರೆಯೋಕಾಗುತ್ತಾ? ಸತ್ತವಳು ಯಾರು, ಯಾವ ಊರು, ಹೆಸರೇನು? ಹೆಸರೇ ಇಲ್ಲದವಳ ಹೆಸರಲ್ಲಿ ಬೋರ್ಡು ಹಾಕೋದು ಹೇಗೆ?"

ಮಾರನೆಯ ಭಾನುವಾರ ಲೊಕ್ಕನಹಳ್ಳಿಗೆ ಹೋದೆ. ಚಿಕ್ಕತಾಯಮ್ಮ ಅಂಗಳದಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಪತ್ರದ ವಿಷಯ ಕೇಳಿ ಕೈ ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ. "ಊಟ ಆಯ್ತಾ ಮಗ?" ಎಂದು ಕೇಳಿದರು. ಊಟ ಬಡಿಸಿ, ನಾನು ಕೈ ತೊಳೆದ ಮೇಲೆ, "ಊಗ್ಯಂಗೆ ಓಗನ ನಡಿ. ನಾನೂ ಒಂದ್ಸಲಾನೂ ಓಗ್ನಿಲ್ಲ," ಎಂದರು.

ಎರಡು ದಿನ ಬಿಟ್ಟು ಹೊರಟೆವು. ಹನೂರಿನಲ್ಲಿ ಬಸ್ಸು ಬದಲಾಯಿಸಿ, ರಾಮಾಪುರ ದಾಟಿ, ಕಾಡು ಹತ್ತಿರವಾಗುತ್ತಿದ್ದಂತೆ ಬಸ್ಸಿನೊಳಗೆ ತಮಿಳು ಮಾತು ಹೆಚ್ಚಾಯಿತು. ಚಿಕ್ಕತಾಯಮ್ಮ ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಇಷ್ಟು ದೂರದಿಂದ ಬಂದಿದ್ಲಾ," ಎಂದು ಎರಡು ಸಲ ಅಂದರು. ಆ ಕಾಲಕ್ಕೆ ಬಸ್ಸೆಲ್ಲಿ, ಮದುಮಗಳು ಗಾಡಿಯಲ್ಲೋ ನಡೆದೋ ಬಂದಿರಬೇಕು.

ಹೂಗ್ಯಂನ ಟೀ ಅಂಗಡಿಯಲ್ಲಿ ಲಾಳ ಕಟ್ಟುವವರ ಮನೆ ಯಾವುದೆಂದು ಕೇಳಿದೆವು. ಎತ್ತಿಗೆ ಲಾಳ ಕಟ್ಟಿಸುವವರು ಈಗ ಯಾರಿದ್ದಾರೆ ಎಂದು ಅಂಗಡಿಯವನು ನಕ್ಕ. ಆದರೂ ಆ ಹೆಸರಿನ ಮನೆ ಇತ್ತು. ಹಂಚಿನ ಮನೆ, ಮುಂದೆ ಬೇವಿನ ಮರ. ಜಗಲಿಯ ಮೇಲೆ ಎಂಬತ್ತು ದಾಟಿದ ಪೆರುಮಾಳ್ ತಾತ ಹಗ್ಗ ಹೊಸೆಯುತ್ತಿದ್ದರು. ನಾವು ಲೊಕ್ಕನಹಳ್ಳಿಯಿಂದ ಬಂದವರೆಂದು ಕೇಳಿದೊಡನೆ ಅವರ ಮುಖ ಬಿಗಿಯಾಯಿತು.

"ಆ ಊರ್ಗೂ ನಮ್ಗೂ ಏನ್ ಸಂಬಂಧ? ನಮ್ಮ ತಾತನ್ ಕಾಲದಿಂದ ಆ ದಾರಿ ತುಳ್ದಿಲ್ಲ."

"ಯಾಕೆ ತಾತ?" ಎಂದೆ.

"ನಮ್ಮ ತಾತನ್ ತಂಗೀನ ಅಲ್ಲಿಗ್ ಕೊಟ್ಟಿದ್ರು. ಬಸುರೀನ ಹುಣಸೆ ಮೂಟೆ ಹೊರ್ಸಿ ಸಾಯ್ಸುದ್ರು. ಸುದ್ದಿ ಬಂದಾಗ ಅವ್ಳಪ್ಪ ಮಣ್ಣಿಗೂ ಹೋಗ್ಲಿಲ್ಲ. ಆ ಊರ ನೀರೂ ಮುಟ್ಟಬ್ಯಾಡಿ ಅಂತ ಮಕ್ಕಳ ಕೈಲಿ ಆಣೆ ಮಾಡಿಸ್ದ. ಏಳನೇ ತಿಂಗಳ ಸೀಮಂತಕ್ಕೆ ಇಲ್ಲಿ ಎಲ್ಲಾ ತಂದಿಟ್ಟಿದ್ರು. ಸೀರೆ, ಬಳೆ, ಎಲ್ಲಾ."

ಚಿಕ್ಕತಾಯಮ್ಮ ಜಗಲಿಯ ಕೆಳಗೆ, ನೆಲದ ಮೇಲೇ ಕೂತರು. "ಅಣ್ಣ, ಅವ್ಳ್ಗೆ ನಾವು ಕಲ್ ನಿಲ್ಸಿವಿ. ವರ್ಸಾ ವರ್ಸಾ ದೀಪ ಮಡಗ್ತೀವಿ. ಬಳೇನೂ ಇಡ್ತೀವಿ."

ಪೆರುಮಾಳ್ ತಾತನ ಕೈಯಲ್ಲಿದ್ದ ಹಗ್ಗ ನಿಂತಿತು. "ಕಲ್ಲಾ? ಯಾವ ಕಲ್ಲು?"

ಅವರಿಗೆ ಕಲ್ಲಿನ ವಿಷಯವೇ ಗೊತ್ತಿರಲಿಲ್ಲ. ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮ ಕಡೆ ಇಂಥ ಕಲ್ಲಿಗೆ ಸುಮೈತಾಂಗಿ ಅಂತಾರೆ, ಹೊರೆ ತಾಳೋ ಕಲ್ಲು, ಎಂದರು. ಮುಖದ ಬಿಗಿ ಹೋಗಿತ್ತು. ಚಿಕ್ಕತಾಯಮ್ಮ ಆಗ ಕೇಳಿದರು.

"ಅವ್ಳ್ ಎಸ್ರೇನಣ್ಣ? ಇಷ್ಟ್ ವರ್ಸ ದೀಪ ಮಡಗಿವಿ. ಎಸ್ರು ಕರ್ದು ಮಡಗ್ನಿಲ್ಲ."

ತಾತ ಕತ್ತು ತಿರುಗಿಸಿ ಮನೆಯೊಳಕ್ಕೆ ಕೂಗಿದರು: "ಪಾವಾಯಿ!"

ಒಳಗಿನಿಂದ ನಲವತ್ತು ವರ್ಷದ ಹೆಂಗಸು ಬಂದರು. ಕೈಗೆಲ್ಲ ರಾಗಿ ಹಿಟ್ಟು. "ನನ್ನ ಮಗಳು," ಎಂದರು ತಾತ. "ನಮ್ಮಪ್ಪನ ತಂಗಿ ಒಬ್ಬಳು ಪಾವಾಯಿ ಇದ್ದಳು. ಈ ಮನೇಲಿ ಯಾವಾಗ್ಲೂ ಒಬ್ಬಳು ಪಾವಾಯಿ ಇರ್ತಾಳೆ. ಆ ಮೊದಲ್ನೇವಳ ಹೆಸರು."

ಚಿಕ್ಕತಾಯಮ್ಮ ಎದ್ದು ಆ ಹೆಂಗಸಿನ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಹೆಂಗಸು ಏನೂ ತಿಳಿಯದೆ ಅಪ್ಪನನ್ನೂ ನನ್ನನ್ನೂ ನೋಡುತ್ತಿದ್ದರು.

ಆ ದಿನವೇ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿದೆ. ಕೊಳ್ಳೇಗಾಲಕ್ಕೆ ಬಂದು ಅದರ ಜೊತೆಗೆ ನನ್ನದೊಂದು ಪತ್ರವನ್ನೂ ಸೇರಿಸಿದೆ. ಸ್ಥಳದಲ್ಲಿ ಯಾರನ್ನೂ ವಿಚಾರಿಸದೆ, ಯಾವ ಆಧಾರವೂ ಇಲ್ಲದೆ ಬರೆದದ್ದು ನನ್ನ ತಪ್ಪು ಎಂದು ಅದರಲ್ಲಿ ಬರೆದಿದ್ದೆ. ಅಧಿಕಾರಿ ಎರಡು ಸಲ ಓದಿದರು.

"ಇದು ಫೈಲಿಗೆ ಹೋದರೆ ಮುಂದಿನ ವರ್ಷ ನಿಮ್ಮನ್ನು ತೆಗೆದುಕೊಳ್ಳೋದು ಕಷ್ಟ. ಗೊತ್ತಿದೆಯಾ?"

"ಗೊತ್ತು ಸಾರ್. ಹಾಕಿ."

ಗೊತ್ತು ಎಂದೆನೇ ಹೊರತು ಅವತ್ತು ಯಳಂದೂರಿನ ಬಸ್ಸಿನಲ್ಲಿ ಗುತ್ತಿಗೆ ಮುಗಿಯಲು ಎಷ್ಟು ತಿಂಗಳಿದೆ ಎಂದು ಬೆರಳು ಮಡಿಸಿ ಎಣಿಸಿದೆ. ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ.

ಮೇಲಿನಿಂದ ಉತ್ತರ ಬರುವ ಮೊದಲೇ ಕಲ್ಲಿನ ಬಳಿಗೆ ಜೆ.ಸಿ.ಬಿ. ಬಂತು. ಚಿಕ್ಕತಾಯಮ್ಮನ ಸೊಸೆ ಫೋನು ಮಾಡಿದಾಗ ನಾನು ಧನಗೆರೆಯಲ್ಲಿದ್ದೆ. ಸಿದ್ದರಾಜುಗೆ ತಿಳಿಸಿದೆ. ಅವರು ತಮ್ಮ ಟಿವಿಎಸ್ಸಿನಲ್ಲಿ ನನಗಿಂತ ಮೊದಲೇ ಹೋಗಿ ತಲುಪಿದರು. ನಾನು ಹೋಗುವಷ್ಟರಲ್ಲಿ ಜೆ.ಸಿ.ಬಿ. ಹೊರಟುಹೋಗಿತ್ತು. ಚಪ್ಪಡಿಗೆ ಒಂದು ಹಲಗೆ ತೂಗುಹಾಕಿತ್ತು. ಅದರಲ್ಲಿ ಕೆಂಪು ಅಕ್ಷರದಲ್ಲಿ "ಬಣ್ಣ ಹಸಿ ಇದೆ, ಮುಟ್ಟಬಾರದು" ಎಂದಿತ್ತು. ಕಲ್ಲಿಗೆ ಒಂದು ತೊಟ್ಟು ಬಣ್ಣವೂ ಬಿದ್ದಿರಲಿಲ್ಲ.

"ಡ್ರೈವರ್ ಓದ್ದ ಮೇಡಂ," ಎಂದರು ಸಿದ್ದರಾಜು, ಬೀಡಿ ಹಚ್ಚಿಕೊಂಡು. "ಅವ್ರ ಮೇಸ್ತ್ರಿಗ್ ಫೋನ್ ಮಾಡ್ದ. ಪೇಂಟಿಂಗ್ ನಡೀತದೆ ಸಾ, ಒಣಗ್ಲಿ ಅಂದ. ಒಂಟೋದ."

ಜೆ.ಸಿ.ಬಿ. ಮತ್ತೆ ಬರಲಿಲ್ಲ. ಮೂರನೆಯ ದಿನ ಅಧಿಕಾರಿ ಕರೆದು, ಕಲ್ಲು ಇದ್ದಲ್ಲೇ ಇರಲಿ, ಬರಹ ತಿದ್ದಿ ಎಂದು ಆದೇಶ ಬಂದಿದೆ ಎಂದರು. ಅವರು ಅದಕ್ಕಾಗಿ ಮೈಸೂರಿಗೆ ಹೋಗಿ ಮಾತಾಡಿ ಬಂದಿದ್ದರೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ವರ್ಷ ತುಂಬಿ ನನ್ನ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಆ ಪತ್ರದಿಂದಲೋ ಇನ್ನೇನು ಕಾರಣಕ್ಕೋ, ನಾನು ಕೇಳಲಿಲ್ಲ. ಈಗ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಬೋರ್ಡು ತಿದ್ದಿದ್ದು ಕಾರ್ತಿಕದ ಒಂದು ಸೋಮವಾರ. ಬಿಸಿಲು ಹದವಾಗಿತ್ತು. ಸಿದ್ದರಾಜು ಹಳೆಯ ಅಕ್ಷರದ ಮೇಲೆ ನೀಲಿ ಬಳಿದು, ಅದು ಆರಿದ ಮೇಲೆ ಬಿಳಿಯಲ್ಲಿ ಬರೆಯತೊಡಗಿದರು. ಈ ಸಲ ಹಾಳೆಯನ್ನು ಓದಿ ಏನೂ ಹೇಳಲಿಲ್ಲ. ಹೂಗ್ಯಂನ ಪಾವಾಯಿ, ಲೊಕ್ಕನಹಳ್ಳಿಯ ಸೊಸೆ, ಏಳು ತಿಂಗಳ ಬಸುರಿ, ಹೊರೆ ಇಳಿಸಲಾಗದೆ ಇಲ್ಲಿ ತೀರಿಕೊಂಡಳು. ದಾರಿಹೋಕರ ಹೊರೆ ಇಳಿಯಲೆಂದು ಆಕೆಯ ಗಂಡ ನಿಲ್ಲಿಸಿದ ಕಲ್ಲು. ಅಷ್ಟೇ ಇತ್ತು. ನಲವತ್ತು ಪದ ಬೇಕಾಗಲಿಲ್ಲ.

ಚಿಕ್ಕತಾಯಮ್ಮನ ಮನೆಯವರೆಲ್ಲ ಬಂದಿದ್ದರು. ಹುಲ್ಲು ತರುತ್ತಿದ್ದ ಇಬ್ಬರು ಹೆಂಗಸರೂ ನಿಂತು ನೋಡುತ್ತಿದ್ದರು. ಹನ್ನೊಂದರ ಬಸ್ಸು ಬಂದು ನಿಂತಿತು. ಅದರಿಂದ ಮೊದಲು ಹೂಗ್ಯಂನ ಪಾವಾಯಿ ಇಳಿದರು, ಹಿಂದೆ ಪೆರುಮಾಳ್ ತಾತ. ಬೋರ್ಡು ತಿದ್ದುವ ದಿನವನ್ನು ನಾನು ಹೇಳಿ ಕಳಿಸಿದ್ದೆ, ಆದರೆ ಬರುತ್ತೇವೆಂದು ಅವರು ಯಾರಿಗೂ ತಿಳಿಸಿರಲಿಲ್ಲ. ಕಂಡಕ್ಟರು ಬಸ್ಸಿನ ಹಿಂಬಾಗಿಲಿನಿಂದ ಒಂದು ದೊಡ್ಡ ಮಂಕರಿ ಇಳಿಸಿಕೊಟ್ಟರು. ಬಿದಿರಿನ ಆ ಮಂಕರಿಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹಸಿರು ಬಳೆ, ಎಲ್ಲದರ ಮೇಲೆ ಮಡಿಸಿಟ್ಟ ಸೀರೆ. ಮಗಳು ಹೊರಲು ಬಗ್ಗಿದರು. ತಾತ ಬಿಡಲಿಲ್ಲ. ಕಂಡಕ್ಟರಿಂದ ತಮ್ಮ ತಲೆಗೇ ಎತ್ತಿಸಿಕೊಂಡರು.

ಬಸ್ಸು ನಿಂತಲ್ಲಿಂದ ಕಲ್ಲಿಗೆ ನೂರು ಹೆಜ್ಜೆಯೂ ಇರಲಿಲ್ಲ. ಅವರು ನಿಧಾನವಾಗಿ ಬಂದರು, ಮಗಳು ಹತ್ತು ಹೆಜ್ಜೆ ಹಿಂದೆ. ಕತ್ತಿನ ನರ ಬಿಗಿದಿತ್ತು. ಸಿದ್ದರಾಜು ಕುಂಚ ಇಟ್ಟು ಕೈಕೊಡಲು ಓಡಿದರು. ಚಿಕ್ಕತಾಯಮ್ಮ ಅವರ ತೋಳು ಹಿಡಿದು ನಿಲ್ಲಿಸಿದರು.

ಪೆರುಮಾಳ್ ತಾತ ಕಲ್ಲಿಗೆ ಬೆನ್ನು ಕೊಟ್ಟು ನಿಂತರು. ಹಿಂದೆ ಕಾಣದ ಚಪ್ಪಡಿಯನ್ನು ತಡಕುತ್ತ ಮಂಕರಿಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜಾರಿಸಿದರು. ಅದು ಕಲ್ಲಿನ ಮೇಲೆ ಕೂತಿತು. ಆದರೂ ಎಲ್ಲಿ ಬೀಳುತ್ತದೋ ಎಂದು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೇ ನಿಂತಿದ್ದರು.

"ಕೈ ಬುಡಣ್ಣ," ಎಂದರು ಚಿಕ್ಕತಾಯಮ್ಮ. "ಪಾವಾಯಿ ಇಡ್ಕಂಡವ್ಳೆ."